ಪ್ರೊಮೊದಲ್ಲಿ ಇಲ್ಲದ ಅತಿಥಿ: ಕಿರುತೆರೆಯಲ್ಲಿ ತಾರೆಯರ ದಿಢೀರ್ ಪ್ರವೇಶದ ಲೆಕ್ಕಾಚಾರ

2023ರ ಜೂನ್ 22ರಂದು ಅಮೆರಿಕದ ಹುಲು ವೇದಿಕೆಯಲ್ಲಿ ‘ದಿ ಬೇರ್’ ಸರಣಿಯ ಎರಡನೆಯ ಸೀಸನ್ನಿನ ಹತ್ತೂ ಸಂಚಿಕೆಗಳು ಒಂದೇ ದಿನ ಬಿಡುಗಡೆಯಾದವು. ಶಿಕಾಗೋ ನಗರದ ಸ್ಯಾಂಡ್‌ವಿಚ್ ಅಂಗಡಿಯೊಂದನ್ನು ದೊಡ್ಡ ರೆಸ್ಟೊರೆಂಟಾಗಿ ಮಾಡಲು ಹೊರಟವರ ಕಥೆ ಅದು. ಆರನೆಯ ಸಂಚಿಕೆ ಇದ್ದಕ್ಕಿದ್ದಂತೆ ಕೆಲವು ವರ್ಷ ಹಿಂದಕ್ಕೆ, ನಾಯಕನ ಮನೆಯ ಒಂದು ಕ್ರಿಸ್‌ಮಸ್ ರಾತ್ರಿಗೆ ಹೋಗುತ್ತದೆ. ಅಡುಗೆಮನೆಯಲ್ಲಿ ಏಳು ಬಗೆಯ ಮೀನಿನ ಅಡುಗೆ ಮಾಡುತ್ತ, ಕುಡಿಯುತ್ತ, ಅಳುತ್ತ, ಬೈಯುತ್ತ ನಿಂತ ತಾಯಿಯ ಪಾತ್ರದಲ್ಲಿ ಜೇಮೀ ಲೀ ಕರ್ಟಿಸ್ ಇದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ಅವರು ಆಸ್ಕರ್ ಪಡೆದಿದ್ದರು. ಊಟದ ಮೇಜಿನ ಸುತ್ತ ಬಾಬ್ ಓಡೆನ್‌ಕರ್ಕ್, ಸಾರಾ ಪಾಲ್ಸನ್, ಜಾನ್ ಮುಲೇನಿ, ಗಿಲಿಯನ್ ಜೇಕಬ್ಸ್ ಕುಳಿತಿದ್ದರು. ಇಂಥ ತಾರಾಗಣವನ್ನು ಕೈಯಲ್ಲಿಟ್ಟುಕೊಂಡ ಯಾವುದೇ ವಾಹಿನಿ ಒಂದು ಕಾಲದಲ್ಲಿ ತಿಂಗಳ ಮೊದಲೇ ಡಂಗುರ ಸಾರುತ್ತಿತ್ತು. ಇಲ್ಲಿ ಪ್ರಚಾರದ ಪೋಸ್ಟರುಗಳಲ್ಲಾಗಲಿ ಟ್ರೇಲರಿನಲ್ಲಾಗಲಿ ಈ ಸಂಚಿಕೆಯ ಸದ್ದೇ ಇರಲಿಲ್ಲ.

ಪ್ರಸಿದ್ಧ ನಟನನ್ನು ಕರೆಸಿ, ಅವನು ಬಂದಿರುವುದನ್ನು ಮುಚ್ಚಿಡುವುದು ಮೇಲ್ನೋಟಕ್ಕೆ ದಡ್ಡತನದ ವ್ಯಾಪಾರದಂತೆ ತೋರುತ್ತದೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಇದೇ ರೂಢಿಯಾಗುತ್ತಿದೆ. ನೋಡುಗರ ಅಭಿರುಚಿ ಬದಲಾದದ್ದಕ್ಕಿಂತ ಹೆಚ್ಚಾಗಿ, ಕಾರ್ಯಕ್ರಮಗಳು ನೋಡುಗರಿಗೆ ತಲಪುವ ದಾರಿ ಬದಲಾದದ್ದೇ ಇದಕ್ಕೆ ಕಾರಣ ಎಂಬುದು ನನ್ನ ವಾದ. ತಾರೆಯ ಹೆಸರನ್ನು ಮೊದಲೇ ಸಾರಿ ಜನರನ್ನು ಒಂದು ನಿಗದಿತ ಗಂಟೆಗೆ ಪರದೆಯ ಮುಂದೆ ಕೂರಿಸಬೇಕಾಗಿದ್ದ ಕಾಲದಲ್ಲಿ ಅನಿರೀಕ್ಷಿತ ಅತಿಥಿ ಎಂಬುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು. ಈಗ ಆ ಸಾರುವ ಕೆಲಸವನ್ನು ನೋಡಿದವರೇ, ನೋಡಿದ ಮೇಲೆ, ಮೊಬೈಲಿನಲ್ಲಿ ಮಾಡುತ್ತಾರೆ.

ಹಳೆಯ ಲೆಕ್ಕವನ್ನು ಅರ್ಥಮಾಡಿಕೊಳ್ಳಲು ಅಮೆರಿಕದ ‘ಸ್ವೀಪ್ಸ್’ ಪದ್ಧತಿಯನ್ನು ನೋಡಬೇಕು. ನೀಲ್ಸನ್ ಸಂಸ್ಥೆ ವರ್ಷದ ಫೆಬ್ರುವರಿ, ಮೇ, ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ಮನೆಮನೆಗೆ ಪುಸ್ತಕ ಕಳಿಸಿ, ಯಾರು ಯಾವ ಕಾರ್ಯಕ್ರಮ ನೋಡಿದರು ಎಂದು ಬರೆಸಿಕೊಳ್ಳುತ್ತಿತ್ತು. ಸ್ಥಳೀಯ ಕೇಂದ್ರಗಳ ಜಾಹೀರಾತು ದರ ಆ ತಿಂಗಳುಗಳ ಅಂಕಿಗಳ ಮೇಲೆ ನಿಲ್ಲುತ್ತಿದ್ದುದರಿಂದ, ಮದುವೆ, ಸಾವು, ಅವಳಿ ಮಕ್ಕಳ ಜನನ, ದೊಡ್ಡ ನಟರ ಆಗಮನ ಎಲ್ಲವೂ ಆಗಲೇ ನಡೆಯುತ್ತಿದ್ದವು. ‘ಫ್ರೆಂಡ್ಸ್’ ಹಾಸ್ಯ ಸರಣಿಯಲ್ಲಿ ಬ್ರಾಡ್ ಪಿಟ್ ಕಾಣಿಸಿಕೊಂಡದ್ದು 2001ರ ನವೆಂಬರ್ 22ರ ಥ್ಯಾಂಕ್ಸ್‌ಗಿವಿಂಗ್ ಸಂಚಿಕೆಯಲ್ಲಿ; ಆ ತಿಂಗಳು ಆಕಸ್ಮಿಕವಾಗಿ ಬಂದುದಲ್ಲ. ಅದಕ್ಕೂ ಮೊದಲು, 1996ರ ಜನವರಿ 28ರಂದು, ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯ ಮುಗಿದ ಕೂಡಲೇ ಪ್ರಸಾರವಾದ ಅದೇ ಸರಣಿಯ ಒಂದು ಗಂಟೆಯ ವಿಶೇಷದಲ್ಲಿ ಜೂಲಿಯಾ ರಾಬರ್ಟ್ಸ್, ಬ್ರೂಕ್ ಶೀಲ್ಡ್ಸ್, ಜಾನ್ ಕ್ಲಾಡ್ ವಾನ್ ಡ್ಯಾಮ್ ಒಟ್ಟಿಗೆ ಬಂದರು. ಪಂದ್ಯ ನೋಡಿದವರು ಎದ್ದು ಹೋಗದಂತೆ ಹಿಡಿದಿಡುವುದೇ ಉದ್ದೇಶ. ಆ ರಾತ್ರಿ ಸುಮಾರು 5.29 ಕೋಟಿ ಮಂದಿ ಅದನ್ನು ನೋಡಿದರು. ಆ ಸರಣಿಯ ಇಡೀ ಹತ್ತು ವರ್ಷಗಳಲ್ಲಿ ಇನ್ನಾವ ಸಂಚಿಕೆಯೂ ಆ ಸಂಖ್ಯೆಯನ್ನು ಮುಟ್ಟಲಿಲ್ಲ.

ಹಾಗೆಂದು ಆ ಕಾಲದ ಅತಿಥಿ ಪಾತ್ರಗಳೆಲ್ಲ ಬರಿಯ ಜಾಹೀರಾತಿನ ಗೊಂಬೆಗಳಾಗಿದ್ದವು ಎಂದು ತಿಳಿಯಬೇಕಾಗಿಲ್ಲ. ಬ್ರಾಡ್ ಪಿಟ್ ಆಗ ನಿಜಜೀವನದಲ್ಲಿ ಸರಣಿಯ ನಾಯಕಿ ಜೆನಿಫರ್ ಆ್ಯನಿಸ್ಟನ್ ಅವರ ಪತಿ. ಆದರೆ ಸಂಚಿಕೆಯಲ್ಲಿ ಆಕೆಯ ಪಾತ್ರವನ್ನು ಶಾಲಾದಿನಗಳಿಂದಲೂ ದ್ವೇಷಿಸುತ್ತ, ಆ ದ್ವೇಷಕ್ಕಾಗಿಯೇ ಒಂದು ಸಂಘ ಕಟ್ಟಿದ್ದವನ ಪಾತ್ರ ಅವರದು. ಅವರು ಬಾಯಿಬಿಟ್ಟ ಒಂದೊಂದು ಕಹಿ ಮಾತಿಗೂ ಪ್ರೇಕ್ಷಕರು ನಕ್ಕದ್ದು ಕಥೆಯಿಂದ ಹೊರಗಿನ ಸಂಗತಿಯೊಂದು ಅವರಿಗೆ ಗೊತ್ತಿದ್ದುದರಿಂದ. ಇನ್ನೊಂದು ಅನುಕೂಲವೂ ಅಲ್ಲಿತ್ತು. ಅಂಥ ಹಾಸ್ಯ ಸರಣಿಗಳನ್ನು ಸ್ಟುಡಿಯೊದಲ್ಲಿ ಪ್ರೇಕ್ಷಕರೆದುರಿಗೇ ಚಿತ್ರೀಕರಿಸುತ್ತಿದ್ದುದರಿಂದ, ತಾರೆ ಬಾಗಿಲು ತೆರೆದು ಒಳಗೆ ಬಂದಾಗ ಚಪ್ಪಾಳೆ ಮುಗಿಯುವವರೆಗೆ ಉಳಿದ ನಟರು ಸುಮ್ಮನೆ ನಿಂತರೂ ಕಥೆ ಮುರಿದಂತೆ ಅನಿಸುತ್ತಿರಲಿಲ್ಲ. ನಮ್ಮ ಚಿತ್ರಮಂದಿರಗಳಲ್ಲಿ ಶಿಳ್ಳೆಗೆಂದು ಬಿಡುವ ಜಾಗ ಇದೆಯಲ್ಲ, ಅದೇ ಅದು.

ಅನಿರೀಕ್ಷಿತ ಎನ್ನಬಹುದಾದ ಹಳೆಯ ಉದಾಹರಣೆಗಳಲ್ಲಿ ಕೆಲವು ಸಂಕೋಚದಿಂದ ಹುಟ್ಟಿದವು ಎಂಬುದು ಕುತೂಹಲದ ವಿಷಯ. 1991ರಲ್ಲಿ ‘ದಿ ಸಿಂಪ್ಸನ್ಸ್’ ಅನಿಮೇಷನ್ ಸರಣಿಗೆ ಧ್ವನಿ ಕೊಟ್ಟ ಡಸ್ಟಿನ್ ಹಾಫ್‌ಮನ್ ತಮ್ಮ ನಿಜವಾದ ಹೆಸರನ್ನು ಬಳಸಲು ಬಿಡಲಿಲ್ಲ, ಬೇರೆ ಹೆಸರು ಹಾಕಿಸಿದರು. ಅದೇ ವರ್ಷ ಮೈಕಲ್ ಜಾಕ್ಸನ್ ಕೂಡ ಹಾಗೆಯೇ ಮಾಡಿದರು. ಚಲನಚಿತ್ರದ ನಟ ಟೀವಿಗೆ ಇಳಿಯುವುದೆಂದರೆ ಮಾರುಕಟ್ಟೆಯಲ್ಲಿ ಬೆಲೆ ಇಳಿದ ಹಾಗೆ ಎಂಬ ನಂಬಿಕೆ ಹಾಲಿವುಡ್‌ನಲ್ಲಿ ಗಟ್ಟಿಯಾಗಿದ್ದ ದಿನಗಳು ಅವು. ಆ ನಂಬಿಕೆ ಈಗ ಉಳಿದಿಲ್ಲ. ಟೀವಿ ಬರವಣಿಗೆಯ ಮಟ್ಟ ಏರಿದ್ದು, ನಡುತರದ ಬಂಡವಾಳದ ಸಿನಿಮಾಗಳು ಕಡಿಮೆಯಾಗಿ ಒಳ್ಳೆಯ ಪಾತ್ರಗಳು ಸರಣಿಗಳತ್ತ ಸರಿದದ್ದು, ನಾಲ್ಕೈದು ದಿನಗಳಲ್ಲಿ ಮುಗಿಯುವ ಕೆಲಸಕ್ಕೆ ಎಮ್ಮಿ ಪ್ರಶಸ್ತಿಯ ಸಾಧ್ಯತೆಯೂ ಇರುವುದು, ಎಲ್ಲವೂ ಸೇರಿ ದೊಡ್ಡ ನಟರಿಗೆ ಸರಣಿಯ ಒಂದು ಸಂಚಿಕೆ ಆಕರ್ಷಕವಾಗಿದೆ. ಹಣ ಇಲ್ಲಿ ಮುಖ್ಯ ಸೆಳೆತವಲ್ಲ. ಅಮೆರಿಕದಲ್ಲಿ ಅತಿಥಿ ನಟರಿಗೆ ಸಾಮಾನ್ಯವಾಗಿ ಸಿನಿಮಾ ಸಂಭಾವನೆಗೆ ಹೋಲಿಸಿದರೆ ತೀರ ಸಣ್ಣದಾದ, ಬಹುತೇಕ ಏಕರೂಪದ ಮೊತ್ತ ಸಲ್ಲುತ್ತದೆ.

ಪ್ರಶಸ್ತಿಯ ವಿಷಯದಲ್ಲಿ ಒಂದು ವಿಚಿತ್ರವನ್ನು ಇಲ್ಲಿ ಹೇಳಿಬಿಡಬಹುದು. 2006ರಲ್ಲಿ ಎಲೆನ್ ಬರ್ಸ್ಟಿನ್ ಒಂದು ಟೀವಿ ಚಿತ್ರದಲ್ಲಿ ಕೇವಲ 14 ಸೆಕೆಂಡ್ ಕಾಣಿಸಿಕೊಂಡದ್ದಕ್ಕೆ ಪೋಷಕ ನಟಿ ವಿಭಾಗದಲ್ಲಿ ಎಮ್ಮಿ ನಾಮನಿರ್ದೇಶನ ಪಡೆದರು. ನಗೆಪಾಟಲಾದ, ಎಮ್ಮಿ ಕೊಡುವ ಟೀವಿ ಅಕಾಡೆಮಿ, ಒಟ್ಟು ಅವಧಿಯ ಶೇ 5ರಷ್ಟಾದರೂ ತೆರೆಯ ಮೇಲೆ ಇರಬೇಕೆಂಬ ನಿಯಮವನ್ನು ಆಮೇಲೆ ತಂದಿತು. 2015ರಲ್ಲಿ ಅತಿಥಿ ನಟ ಎಂದರೆ ಸೀಸನ್ನಿನ ಅರ್ಧಕ್ಕಿಂತ ಕಡಿಮೆ ಸಂಚಿಕೆಗಳಲ್ಲಿ ಇರುವವರು ಎಂದೂ ನಿಗದಿಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಜೇಮೀ ಲೀ ಕರ್ಟಿಸ್ ಮತ್ತು ಮಗನ ಪಾತ್ರದ ಜಾನ್ ಬರ್ನ್ಥಾಲ್ ಇಬ್ಬರೂ ಆ ಕ್ರಿಸ್‌ಮಸ್ ಸಂಚಿಕೆಗಾಗಿ ಹಾಸ್ಯ ಸರಣಿಗಳ ಅತಿಥಿ ನಟರ ಪ್ರಶಸ್ತಿ ಪಡೆದರು. ತಾಯಿ ಕಾರನ್ನೇ ಮನೆಯ ಗೋಡೆಗೆ ನುಗ್ಗಿಸುವುದರೊಂದಿಗೆ ಮುಗಿಯುವ ಸಂಚಿಕೆ ಹಾಸ್ಯ ಹೇಗಾಯಿತು ಎಂಬ ಪ್ರಶ್ನೆ ಬೇರೆ.

ಆ ಸಂಚಿಕೆಯಲ್ಲಿ ಪ್ರಸಿದ್ಧ ಮುಖಗಳು ಯಾಕೆ ಬೇಕಾಗಿದ್ದವು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಒಳ್ಳೆಯ ಅತಿಥಿ ಪಾತ್ರಕ್ಕೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಅದುವರೆಗಿನ ಸಂಚಿಕೆಗಳಲ್ಲಿ ಮಕ್ಕಳು ತಾಯಿಯ ಬಗ್ಗೆ ಆಡಿದ ಅರೆಬರೆ ಮಾತುಗಳಿಂದ, ಆಡದೆ ನುಂಗಿಕೊಂಡ ಮಾತುಗಳಿಂದ ನೋಡುಗರ ಮನಸ್ಸಿನಲ್ಲಿ ಆಕೆಯ ಒಂದು ಆಕಾರ ಮೂಡಿತ್ತು. ಮೂವರು ಮಕ್ಕಳ ಇಡೀ ಬದುಕನ್ನು ಗಾಯಗೊಳಿಸಿದ ಹೆಂಗಸು ಈಕೆ ಎಂದು ಒಂದೇ ಗಂಟೆಯೊಳಗೆ ನಂಬಿಸಬೇಕು. ಪರಿಚಯಿಸಲು, ಬೆಳೆಸಲು ಸಮಯವಿಲ್ಲ. ದಶಕಗಳಿಂದ ನಾವು ಬಲ್ಲ ನಟಿ ಬಂದು ನಿಂತಾಗ ಆ ಪರಿಚಯದ ಭಾರವೂ ಪಾತ್ರದೊಂದಿಗೆ ಬರುತ್ತದೆ. ಮೇಜಿನ ಸುತ್ತಲಿನ ನೆಂಟರ ವಿಷಯವೂ ಹಾಗೆಯೇ. ಒಬ್ಬೊಬ್ಬರ ಮುಖವೂ ಎಲ್ಲೋ ನೋಡಿದ್ದಾಗಿರುವುದರಿಂದ, ಇವರಿಗೆಲ್ಲ ಈ ರಾತ್ರಿಯ ಹೊರಗೆ ಒಂದು ಪೂರ್ಣ ಬದುಕು ಇದೆ, ಹಳೆಯ ಲೆಕ್ಕಗಳಿವೆ ಎಂಬ ಭಾವನೆ ಹೇಳದೆಯೇ ಹುಟ್ಟುತ್ತದೆ. ಅಂದರೆ ಇಲ್ಲಿ ಪ್ರಸಿದ್ಧಿಯೇ ಕಥೆ ಹೇಳುವ ಕೆಲಸದ ಒಂದು ಪಾಲನ್ನು ಹೊತ್ತುಕೊಂಡಿದೆ.

ಮುಂದಿನ ಸಂಚಿಕೆಯಲ್ಲಿ ಒಲಿವಿಯಾ ಕೋಲ್ಮನ್ ಬರುವ ಬಗೆ ಇದಕ್ಕೆ ತೀರ ವಿರುದ್ಧ. ದೊಡ್ಡ ರೆಸ್ಟೊರೆಂಟಿನ ಒಡತಿಯಾದ ಆ ಬಾಣಸಿಗಳನ್ನು ಸಂಚಿಕೆಯುದ್ದಕ್ಕೂ ಮರೆಯಲ್ಲೇ ಇಟ್ಟು, ಕೊನೆಯ ಭಾಗದಲ್ಲಿ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅಣಬೆಯ ಸಿಪ್ಪೆ ಬಿಡಿಸುತ್ತಿರುವಂತೆ ತೋರಿಸಲಾಗಿದೆ. ವಾರವಿಡೀ ಫೋರ್ಕುಗಳನ್ನು ಒರೆಸಿದ ಒಬ್ಬ ಹತಾಶ ನಡುವಯಸ್ಸಿನವನೊಂದಿಗೆ ಆಕೆ ಕೆಲವೇ ನಿಮಿಷ ತಗ್ಗಿದ ದನಿಯಲ್ಲಿ ಮಾತಾಡುತ್ತಾಳೆ. ಹಿನ್ನೆಲೆ ಸಂಗೀತದ ಅಬ್ಬರವಿಲ್ಲ, ಬಾಗಿಲು ತೆರೆಯುವ ನಾಟಕವಿಲ್ಲ. ಇಂಥ ದೃಶ್ಯದಲ್ಲಿ ನೋಡುಗ ಮೊದಲು ‘ಅರೆ, ಇವರು!’ ಎಂದು ಬೆರಗಾಗುತ್ತಾನೆ; ಆದರೆ ಹತ್ತು ಸೆಕೆಂಡಿನೊಳಗೆ ಆ ಬೆರಗನ್ನು ಮರೆತು ಮಾತಿನೊಳಗೆ ಹೋಗುತ್ತಾನೆ. ಆ ಹತ್ತು ಸೆಕೆಂಡು ದಾಟಲಾಗದ ಅತಿಥಿ ಪಾತ್ರಗಳೇ ಹೆಚ್ಚು.

‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಏಳನೆಯ ಸೀಸನ್ನಿನ ಮೊದಲ ಸಂಚಿಕೆಯಲ್ಲಿ, 2017ರ ಜುಲೈನಲ್ಲಿ, ಗಾಯಕ ಎಡ್ ಶೀರನ್ ಸೈನಿಕನ ವೇಷದಲ್ಲಿ ಕುಳಿತು ಹಾಡಿದ್ದು ಇದಕ್ಕೆ ಸಾಕಷ್ಟು ಚರ್ಚೆಯಾದ ಉದಾಹರಣೆ. ಸರಣಿಯ ನಟಿ ಮೇಸಿ ವಿಲಿಯಮ್ಸ್ ಶೀರನ್ ಅವರ ಅಭಿಮಾನಿ ಎಂಬ ಕಾರಣಕ್ಕೆ ಅವರನ್ನು ಕರೆಸಿದ್ದರು. ಅದರಲ್ಲಿ ಗುಟ್ಟೇನೂ ಇರಲಿಲ್ಲ, ತಿಂಗಳುಗಳ ಮೊದಲೇ ಘೋಷಣೆಯಾಗಿತ್ತು. ಆದರೂ ಆ ಲೋಕದ ಕಾಡಿನಲ್ಲಿ ನಮ್ಮ ಲೋಕದ ಮುಖವೊಂದು ಬೆಂಕಿ ಕಾಯಿಸುತ್ತಿರುವುದು ನೋಡುಗರ ಕಣ್ಣಿಗೆ ಕಿರಿಕಿರಿಯಾಯಿತು. ‘ದಿ ಬೇರ್’ ಸಹ ತನ್ನ ಯಶಸ್ಸಿನಿಂದಲೇ ದಾರಿ ತಪ್ಪಿತು ಎಂದು ನನಗನ್ನಿಸುತ್ತದೆ. 2024ರ ಮೂರನೆಯ ಸೀಸನ್ನಿನಲ್ಲಿ ಕುಸ್ತಿ ಹಿನ್ನೆಲೆಯ ಜಾನ್ ಸೀನಾ, ನಾಯಕನ ಮನೆಯವರ ಗೆಳೆಯರಾದ ಫಾಕ್ ಸಹೋದರರಲ್ಲಿ ಒಬ್ಬನಾಗಿ ಬಂದು ಕೆಲವು ನಗೆಮಾತುಗಳನ್ನಾಡಿ ಹೋದರು. ಅವರಿಲ್ಲದಿದ್ದರೂ ಆ ಸಂಚಿಕೆಗೆ ಏನೂ ಕಡಿಮೆಯಾಗುತ್ತಿರಲಿಲ್ಲ. 2025ರ ಸೀಸನ್ನಿನ ಮದುವೆಯ ಸಂಚಿಕೆಯಲ್ಲಿ ಅದೇ ಮನೆತನದ ಹೆಣ್ಣುಮಗಳಾಗಿ ಬ್ರೀ ಲಾರ್ಸನ್ ಬಂದಾಗ, ನೋಡುಗರು ಅತಿಥಿಯನ್ನು ನಿರೀಕ್ಷಿಸಿಯೇ ಕುಳಿತಿದ್ದರು. ಪ್ರತಿ ಸಲವೂ ಬೆರಗು ಕೊಡುವ ಸರಣಿ ಎಂಬ ಹೆಸರು ಬಂದ ಮೇಲೆ ಬೆರಗಿಗೆ ಜಾಗವಿಲ್ಲ.

ಗುಟ್ಟು ಕಾಯುವುದು ಸುಲಭದ ಕೆಲಸವೂ ಅಲ್ಲ. ಆರಂಭದ ಹೆಸರುಪಟ್ಟಿಯಿಂದ ಅತಿಥಿಯ ಹೆಸರನ್ನು ತೆಗೆದು ಕೊನೆಗೆ ಹಾಕಬೇಕು. ವಿಮರ್ಶಕರಿಗೆ ಮೊದಲೇ ಕಳಿಸುವ ಸಂಚಿಕೆಗಳ ಜೊತೆಗೆ ಏನನ್ನು ಬರೆಯಬಾರದು ಎಂಬ ಪಟ್ಟಿಯನ್ನೂ ಕಳಿಸಬೇಕು. ಸೆಟ್ಟಿನಲ್ಲಿರುವ ನೂರಾರು ಮಂದಿಯ ಬಾಯಿ ಕಟ್ಟಬೇಕು. ‘ದಿ ಮ್ಯಾಂಡಲೋರಿಯನ್’ ಸರಣಿಯ ಎರಡನೆಯ ಸೀಸನ್ನಿನ ಕೊನೆಗೆ, 2020ರ ಡಿಸೆಂಬರ್‌ನಲ್ಲಿ, ಹಳೆಯ ‘ಸ್ಟಾರ್ ವಾರ್ಸ್’ ಸಿನಿಮಾಗಳ ನಾಯಕ ಲೂಕ್ ಸ್ಕೈವಾಕರ್ ಪಾತ್ರ ಮರಳಿ ಬರುವುದನ್ನು ಮುಚ್ಚಿಡಲು ನಿರ್ಮಾಣ ತಂಡ ಚಿತ್ರಕಥೆಯಲ್ಲಿಯೇ ಪ್ಲೋ ಕೂನ್ ಎಂಬ ಬೇರೊಂದು ಪಾತ್ರದ ಹೆಸರನ್ನು ಬರೆದಿತ್ತು. ಸೋರಿಕೆಯಾದರೂ ಸೋರುವುದು ಸುಳ್ಳೇ ಆಗಿರಲಿ ಎಂಬ ಉಪಾಯ. ಇಷ್ಟೆಲ್ಲ ಕಷ್ಟಪಡುವುದಕ್ಕೆ ಫಲವಿದೆ. ಚಂದಾ ಆಧಾರದ ವೇದಿಕೆಗೆ ರಾತ್ರಿ ಒಂಬತ್ತಕ್ಕೆ ಎಷ್ಟು ಜನ ಕೂತರು ಎಂಬುದು ಮುಖ್ಯವಲ್ಲ; ಆ ವಾರದ ಮಾತುಕತೆಯಲ್ಲಿ ತನ್ನ ಸರಣಿ ಇರಬೇಕು, ಇನ್ನೂ ನೋಡದವನಿಗೆ ಯಾರೋ ಹೇಳಿಬಿಡುವ ಮೊದಲು ತಾನೇ ನೋಡಿಬಿಡಬೇಕೆಂಬ ಆತುರ ಹುಟ್ಟಬೇಕು. ಮುಚ್ಚಿಟ್ಟ ಅತಿಥಿ ಈ ಎರಡನ್ನೂ ಮಾಡಿಕೊಡುತ್ತಾನೆ.

ಭಾರತದ ಟೀವಿಯಲ್ಲಿ ಕಥೆ ಬೇರೆ. ಇಲ್ಲಿ ಸ್ವೀಪ್ಸ್ ತಿಂಗಳುಗಳಿಲ್ಲ. ಬಾರ್ಕ್ ಸಂಸ್ಥೆ 2015ರಿಂದ ರೇಟಿಂಗ್ ಅಂಕಿಗಳನ್ನು ವಾರವಾರವೂ ಕೊಡುತ್ತ ಬಂದಿದೆ. ವಾಹಿನಿಗಳ ಪಾಲಿಗೆ ಪ್ರತಿ ವಾರವೂ ಪರೀಕ್ಷೆಯೇ. ಆದ್ದರಿಂದಲೇ ನಮ್ಮ ದೈನಿಕ ಧಾರಾವಾಹಿಗಳಲ್ಲಿ ಮಹಾಸಂಚಿಕೆ, ಮಹಾಸಂಗಮ, ವಾರಗಟ್ಟಲೆ ಎಳೆಯುವ ಮದುವೆ, ಜಾತ್ರೆ ಎಂದು ವರ್ಷವಿಡೀ ಏನಾದರೊಂದು ನಡೆಯುತ್ತಲೇ ಇರುತ್ತದೆ. ಅತಿಥಿಯಾಗಿ ಬರುವ ಚಲನಚಿತ್ರ ತಾರೆಯೂ ಸಾಮಾನ್ಯವಾಗಿ ತನ್ನದೇ ಕೆಲಸಕ್ಕೆ ಬಂದಿರುತ್ತಾನೆ: ಬಿಡುಗಡೆಗೆ ಸಿದ್ಧವಾದ ಸಿನಿಮಾದ ಪ್ರಚಾರ. 1998ರಿಂದ 2018ರವರೆಗೆ ನಡೆದ ಹಿಂದಿಯ ‘ಸಿಐಡಿ’, ಗೋಕುಲಧಾಮ್ ವಸತಿ ಸಮುಚ್ಚಯದ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’, 2013ರಲ್ಲಿ ಆರಂಭವಾದ ಕಪಿಲ್ ಶರ್ಮಾ ಅವರ ಹಾಸ್ಯ ಕಾರ್ಯಕ್ರಮ, ಎಲ್ಲಕ್ಕೂ ತಾರೆಯರು ಹೊಸ ಸಿನಿಮಾದ ಹೆಸರಿನೊಂದಿಗೇ ಬಂದು ಹೋದರು. ಕನ್ನಡದಲ್ಲಿ ‘ಮಜಾ ಟಾಕೀಸ್’ ಅದೇ ಬಗೆಯ ವೇದಿಕೆಯಾಯಿತು. ಇಲ್ಲಿ ವಾಹಿನಿಗೆ ತಾರೆ ಬೇಕು, ತಾರೆಗೆ ವಾಹಿನಿಯ ನೋಡುಗರು ಬೇಕು. ಪ್ರಚಾರವೇ ವಿನಿಮಯದ ನಾಣ್ಯವಾದಾಗ ಗುಟ್ಟು ಎಂಬ ಮಾತೇ ಬರುವುದಿಲ್ಲ. ಪ್ರೊಮೊದಲ್ಲಿ ಇಲ್ಲದಿದ್ದರೆ ಬಂದೂ ವ್ಯರ್ಥ.

ಕನ್ನಡದ ಕಿರುತೆರೆಗೆ ಇನ್ನೂ ಒಂದು ವಿಶೇಷ ಕಾರಣವಿದೆ. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ಯನ್ನೂ 2013ರಲ್ಲಿ ಸುದೀಪ್ ‘ಬಿಗ್ ಬಾಸ್’ ಅನ್ನೂ ನಡೆಸಿಕೊಡಲು ಆರಂಭಿಸಿದ ಮೇಲೆ ದೊಡ್ಡ ನಟರು ವಾರವಾರವೂ ತಾವಾಗಿಯೇ, ತಮ್ಮದೇ ಹೆಸರಿನಲ್ಲಿ, ಮನೆಯ ಪರದೆಗೆ ಬರತೊಡಗಿದರು. ಯಶ್ ಮತ್ತು ರಾಧಿಕಾ ಪಂಡಿತ್ ‘ನಂದಗೋಕುಲ’ ಧಾರಾವಾಹಿಯಿಂದಲೇ ಚಿತ್ರರಂಗಕ್ಕೆ ಹೋದವರು. ಹೀಗೆ ಎರಡು ತೆರೆಗಳ ನಡುವಿನ ಗೋಡೆ ತೆಳುವಾದಲ್ಲಿ, ತಾರೆಯೊಬ್ಬ ಧಾರಾವಾಹಿಯ ಮದುವೆಮನೆಗೆ ಬಂದು ಅಕ್ಷತೆ ಹಾಕಿದರೆ ಯಾರೂ ಬೆಚ್ಚಿಬೀಳುವುದಿಲ್ಲ. ಒಂದು ದಿನದ ಕಾಲ್‌ಶೀಟ್‌ನಲ್ಲಿ ಚಿತ್ರೀಕರಿಸಿದ್ದನ್ನು, ಮನೆಯವರೆಲ್ಲರ ಮುಖಗಳನ್ನು ಒಂದೊಂದಾಗಿ ತೋರಿಸುತ್ತ ಹಲವು ಸಂಚಿಕೆಗಳಿಗೆ ಹಂಚುವುದೂ ಬೆರಗನ್ನು ಕೊಲ್ಲುತ್ತದೆ. ಈ ಮಟ್ಟಿಗೆ 2014ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ವೀಕೆಂಡ್ ವಿತ್ ರಮೇಶ್’ ಜಾಣತನ ತೋರಿತು. ಅಲ್ಲಿ ಕುರ್ಚಿಯ ಮೇಲೆ ಕುಳಿತವರು ಪ್ರಸಿದ್ಧರು. ಬಾಗಿಲಿನಿಂದ ಬರುವ ಅನಿರೀಕ್ಷಿತ ಅತಿಥಿ ಅವರ ಪ್ರಾಥಮಿಕ ಶಾಲೆಯ ಮೇಷ್ಟ್ರೋ, ಹಳೆಯ ಗೆಳೆಯನೋ ಆಗಿರುತ್ತಿದ್ದರು. ಬೆಚ್ಚಿಬೀಳುವ ಸರದಿ ತಾರೆಯದಾಗಿತ್ತು.

ಅತಿಥಿ ನಟನನ್ನು ಕಥೆಗಾಗಿಯೇ ಬಳಸಿದ ಒಂದು ಹಳೆಯ ಉದಾಹರಣೆ ನಮ್ಮಲ್ಲಿಯೇ ಇದೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ, ದೂರದರ್ಶನದಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಸರಣಿಯಲ್ಲಿ ವಿಷ್ಣುವರ್ಧನ್ ಒಂದು ಕಥೆಯಲ್ಲಿ ನಟಿಸಿದರು. ಕನ್ನಡದ ತೆರೆಯ ‘ಸಾಹಸಸಿಂಹ’ ಅಲ್ಲಿ ಮಗಳನ್ನು ಸಂಜೆ ಹೊರಗೆ ಕರೆದೊಯ್ಯುವ ಮಾತು ಕೊಟ್ಟು, ಕಚೇರಿಯಿಂದ ಬಿಡುಗಡೆ ಸಿಗದೆ, ತಿಂಗಳಿಗೆ ನಲವತ್ತೈದು ರೂಪಾಯಿಯ ಸಂಬಳಕ್ಕೆ ತನ್ನ ಸಿಟ್ಟನ್ನೂ ರಾಜೀನಾಮೆಯ ಪತ್ರವನ್ನೂ ನುಂಗಿಕೊಳ್ಳುವ ಗುಮಾಸ್ತ ವೆಂಕಟರಾವ್. ನೂರು ಜನರನ್ನು ಹೊಡೆದುರುಳಿಸಬಲ್ಲ ಮೈಕಟ್ಟು ಯಜಮಾನನ ಮುಂದೆ ಕುಗ್ಗಿ ನಿಲ್ಲುವುದನ್ನು ನೋಡುವಾಗ, ಆತನ ತಾರಾಪಟ್ಟವೇ ಗುಮಾಸ್ತನ ನಿಸ್ಸಹಾಯಕತೆಯನ್ನು ಇಮ್ಮಡಿಸುತ್ತದೆ. ಅದೂ ಕನ್ನಡ ಬಲ್ಲ ನೋಡುಗರಿಗೆ ಮಾತ್ರ, ಏಕೆಂದರೆ ಹಿಂದಿಯಲ್ಲಿ ಅದನ್ನು ನೋಡಿದ ದೇಶದ ಬಹುಪಾಲು ಜನರಿಗೆ ಆ ನಟನ ಹಿನ್ನೆಲೆ ಅಷ್ಟಾಗಿ ತಿಳಿದಿರಲಿಕ್ಕಿಲ್ಲ. ಒಂದೇ ವಾಹಿನಿ ಇದ್ದ, ರೇಟಿಂಗಿನ ಕಾಟವಿಲ್ಲದ ಕಾಲದಲ್ಲಿ ಪಾತ್ರ ಹಂಚುವವನಿಗೆ ಇಂಥ ಸ್ವಾತಂತ್ರ್ಯವಿತ್ತು.

ಭಾರತದಲ್ಲಿ ಮುಚ್ಚಿಟ್ಟ ಅತಿಥಿಯ ವ್ಯಾಪಾರವನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದು 2025ರ ಸೆಪ್ಟೆಂಬರ್ 18ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ, ಆರ್ಯನ್ ಖಾನ್ ನಿರ್ದೇಶನದ ‘ದಿ ಬಾ*ಡ್ಸ್ ಆಫ್ ಬಾಲಿವುಡ್’. ಚಿತ್ರರಂಗವನ್ನೇ ಗೇಲಿ ಮಾಡುವ ಕಥೆಯಾದ್ದರಿಂದ ಶಾರುಖ್, ಸಲ್ಮಾನ್, ಆಮಿರ್, ರಾಜಮೌಳಿ, ರಣವೀರ್ ಸಿಂಗ್, ರಣಬೀರ್ ಕಪೂರ್ ಅಲ್ಲಿ ತಾವಾಗಿಯೇ ಬರುವುದಕ್ಕೆ ನೆಪ ಹುಡುಕಬೇಕಾಗಿರಲಿಲ್ಲ. ಕೆಲವರ ಮುಖಗಳು ಟ್ರೇಲರಿನಲ್ಲೇ ಕಂಡಿದ್ದವು. ಆದರೆ ಬಿಡುಗಡೆಯ ನಂತರ ಜನರ ಬಾಯಲ್ಲಿ ಹೆಚ್ಚು ಓಡಾಡಿದ್ದು ಆ ಮೂವರು ಖಾನ್‌ಗಳಲ್ಲ, ಇಮ್ರಾನ್ ಹಶ್ಮಿ. ಚುಂಬನದ ದೃಶ್ಯಗಳಿಂದಲೇ ಹೆಸರಾದ ನಟ ಇಲ್ಲಿ ಪ್ರಣಯ ದೃಶ್ಯಗಳ ತರಬೇತುದಾರನಾಗಿ ಬರುತ್ತಾರೆ. ನಾಯಕನ ಗೆಳೆಯ, ಇಡೀ ಬಾಲಿವುಡ್ ಒಂದು ಕಡೆಯಾದರೆ ಇಮ್ರಾನ್ ಹಶ್ಮಿ ಇನ್ನೊಂದು ಕಡೆ ಎಂದು ಕಣ್ಣೀರು ತುಂಬಿಕೊಂಡು ಘೋಷಿಸುತ್ತಾನೆ. ದೊಡ್ಡ ಹೆಸರು ಇಲ್ಲಿ ನಿರ್ಣಾಯಕವಾಗಲಿಲ್ಲ. ಆ ನಟನ ಬಗ್ಗೆ ನೋಡುಗರಲ್ಲಿ ಅದಾಗಲೇ ಇದ್ದ ನಗೆಚಾಟಿಕೆಯೊಂದನ್ನು ಪ್ರೀತಿಯಿಂದ ಹಿಡಿದು ಬರೆದದ್ದು ನಿರ್ಣಾಯಕವಾಯಿತು. ಬ್ರಿಟನ್ನಿನ ‘ಎಕ್ಸ್‌ಟ್ರಾಸ್’ ಸರಣಿ 2005ರಲ್ಲೇ ಈ ದಾರಿ ತೋರಿಸಿತ್ತು. ಅಲ್ಲಿ ಸನ್ಯಾಸಿನಿಯ ವೇಷದ ಕೇಟ್ ವಿನ್ಸ್ಲೆಟ್, ನಾಜಿ ಹತ್ಯಾಕಾಂಡದ ಸಿನಿಮಾ ಮಾಡಿದರೆ ಆಸ್ಕರ್ ಖಂಡಿತ ಎಂದು ನಿರ್ಲಜ್ಜೆಯಿಂದ ಹೇಳುತ್ತಾರೆ. 2009ರಲ್ಲಿ ಅವರಿಗೆ ಆಸ್ಕರ್ ಬಂದದ್ದು ಆ ಹಿನ್ನೆಲೆಯ ಕಥೆಯ ಪಾತ್ರಕ್ಕೇ.

ಕೆಲವೇ ಸೆಕೆಂಡಿನ ಪಾತ್ರ ತಂದೊಡ್ಡುವ ತೊಡಕೂ ಸಣ್ಣದಲ್ಲ. ಅದೇ ಹಿಂದಿ ಸರಣಿಯಲ್ಲಿ ರಣಬೀರ್ ಇ-ಸಿಗರೇಟು ಸೇದುವುದನ್ನು ಎಚ್ಚರಿಕೆಯ ಸಾಲಿಲ್ಲದೆ ತೋರಿಸಲಾಗಿದೆ ಎಂಬ ದೂರಿನ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕ್ರಮಕ್ಕೆ ಸೂಚಿಸಿತು. ಇ-ಸಿಗರೇಟು ದೇಶದಲ್ಲಿ 2019ರಿಂದ ನಿಷಿದ್ಧ.

ಮುಂದಿನ ಪ್ರಶ್ನೆ ಅತಿಥಿ ನಿಜವಾಗಿ ಬರಬೇಕೇ ಎಂಬುದು. ‘ದಿ ಮ್ಯಾಂಡಲೋರಿಯನ್’ನಲ್ಲಿ ಕಂಡ ಯೌವನದ ಮುಖ ಲೂಕ್ ಪಾತ್ರದ ಮೂಲ ನಟ ಮಾರ್ಕ್ ಹ್ಯಾಮಿಲ್ ಅವರದೇ ಆದರೂ ಗಣಕದಿಂದ ರೂಪುಗೊಂಡದ್ದು, ಮೈ ಬೇರೊಬ್ಬ ನಟನದು. ಕನ್ನಡ ಚಿತ್ರರಂಗಕ್ಕೆ ಇದು ಹೊಸದಲ್ಲ. 2009ರ ಡಿಸೆಂಬರ್‌ನಲ್ಲಿ ತೀರಿಕೊಂಡ ವಿಷ್ಣುವರ್ಧನ್ 2016ರ ‘ನಾಗರಹಾವು’ ಸಿನಿಮಾದಲ್ಲಿ ಗ್ರಾಫಿಕ್ಸ್ ಮೂಲಕ ಮರಳಿ ಕಾಣಿಸಿಕೊಂಡರು. 2023ರಲ್ಲಿ 118 ದಿನ ಮುಷ್ಕರ ಹೂಡಿದ ಅಮೆರಿಕದ ನಟರ ಸಂಘ, ಡಿಜಿಟಲ್ ಪ್ರತಿರೂಪದ ಬಳಕೆಗೆ ನಟನ ಒಪ್ಪಿಗೆಯೂ ಸಂಭಾವನೆಯೂ ಇರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಂಡಿತು. ಭಾರತದಲ್ಲಿ ಇಂಥ ಒಪ್ಪಂದವಿಲ್ಲ, ನ್ಯಾಯಾಲಯದ ಆದೇಶಗಳಿವೆ. ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ತಮ್ಮ ಹೆಸರು, ಮುಖ, ದನಿಗಳ ಅನಧಿಕೃತ ಬಳಕೆಯ ವಿರುದ್ಧ ದೆಹಲಿ ಹೈಕೋರ್ಟಿನಿಂದ ತಡೆ ಪಡೆದರು. ಆದರೆ ಅದೇ ಹೈಕೋರ್ಟಿನ ಏಕಸದಸ್ಯ ಪೀಠ 2023ರ ಜುಲೈನಲ್ಲಿ, ಸುಶಾಂತ್ ಸಿಂಗ್ ರಾಜಪೂತ್ ಅವರ ತಂದೆಯ ಅರ್ಜಿಯನ್ನು ತಿರಸ್ಕರಿಸುವಾಗ, ಈ ಬಗೆಯ ಹಕ್ಕುಗಳು ವ್ಯಕ್ತಿಯೊಂದಿಗೇ ಮುಗಿಯುತ್ತವೆ, ವಾರಸುದಾರರಿಗೆ ಇಳಿಯುವುದಿಲ್ಲ ಎಂದು ಹೇಳಿತು. ಆ ತರ್ಕವನ್ನು ಒಪ್ಪುವುದಾದರೆ, ತೀರಿಕೊಂಡ ನಟನೊಬ್ಬನನ್ನು ನಾಳೆ ಯಾವುದಾದರೂ ಸರಣಿಗೆ ಅತಿಥಿಯಾಗಿ ತರಲು ನಿರ್ಮಾಪಕ ಯಾರ ಕಾಲ್‌ಶೀಟನ್ನೂ ಕೇಳಬೇಕಾಗಿಲ್ಲ.